ಗುಜರಿಗೆ ಹೊರಟಿದ್ದ ಕಾರು

ಕಬ್ಬಿಣ ಉಜ್ಜಿದ ವಾಸನೆ ಬಂದರೆ ಈಗಲೂ ನನಗೆ ಭದ್ರಾವತಿಯ ಆ ಮಧ್ಯಾಹ್ನ ನೆನಪಾಗುತ್ತದೆ. ಅಪ್ಪ ತೀರಿಕೊಂಡ ಮೇಲೆ ಅವರ ಹಳೆಯ ಕಾಂಟೆಸ್ಸಾ ಕಾರು ಮಾರಲು ಚಿಕ್ಕಪ್ಪ ಶಿವಮೊಗ್ಗದಿಂದ ಗುಜರಿಯವನನ್ನು ಕರೆತಂದಿದ್ದರು. ಕೀಲಿ ತಿರುಗಿಸಿದರೆ ಸ್ಟಾರ್ಟರ್ ಕರ್ರೆಂದಿತೇ ಹೊರತು ಎಂಜಿನ್ ತಿರುಗಲಿಲ್ಲ.

“ಎಂಜಿನ್ನೇ ಹೋಗಿದೆ ಅತ್ತಿಗೆ, ಕೊಟ್ಬಿಡಿ,” ಅಂದರು ಚಿಕ್ಕಪ್ಪ.

“ಏನೂ ಹೋಗಿಲ್ಲ,” ಅಂದಳು ಅಮ್ಮ. “ಸ್ಟಾರ್ಟರ್ ತಿರುಗಿಸೋ ಚಕ್ರ, ಆ ಫ್ಲೈವೀಲಿನ ಹಲ್ಲು ಒಂದು ಕಡೆ ಸವೆದಿದೆ, ಸ್ಟಾರ್ಟರ್ ಅಲ್ಲೇ ಜಾರ್ತಿದೆ.”

ಅಮ್ಮ ಸೆರಗು ಸಿಕ್ಕಿಸಿ, ಕಾರನ್ನು ಟಾಪ್ ಗೇರಿಗೆ ಹಾಕಿ, ಡಿಕ್ಕಿಗೆ ಹೆಗಲು ಕೊಟ್ಟು ಗೇಣುದ್ದ ನೂಕಿದಳು; ಒಳಗಿನ ಚಕ್ರ ತಿರುಗಿ ಸವೆಯದ ಹಲ್ಲು ಸ್ಟಾರ್ಟರಿಗೆ ಎದುರಾಯಿತು. ಅಷ್ಟು ವರ್ಷ ಅಪ್ಪ ಸೀಟಿನಲ್ಲಿ ಕೂತಾಗ ನೂಕಿದವಳೂ ಅವಳೇ. ಗೇರು ಬಿಡಿಸಿ ಕೀಲಿ ತಿರುಗಿಸಿದ್ದೇ ತಡ, ಎಂಜಿನ್ ಗುಡುಗಿತು.

ಅಮ್ಮ ಗುಜರಿಯವನಿಗೆ ಹಿಂದಿನ ಬಾಗಿಲು ತೆರೆದಳು.

“ಶಿವಮೊಗ್ಗಕ್ಕೆ ತಾನೆ? ಹತ್ತಿ, ಬಿಟ್ಟು ಬರ್ತೀನಿ.”