ಅಡುಗೆಮನೆಯ ರೇಡಿಯೊ

ರಸ್ತೆ ಪಕ್ಕದ ತಗ್ಗಿಗೆ ಮಗುಚಿ ಬಿದ್ದಿದ್ದ ಪಿಕಪ್ಪಿನೊಳಗೆ ಕೈ ತೂರಿಸಿ ಹೊಸ ಪೊಲೀಸ್ ಮಾರ್ಲಾ ಚಾಲಕನ ನಾಡಿ ಹಿಡಿದು ನೋಡಿದಳು. ಇಲ್ಲ, ಮುಗಿದಿತ್ತು. ಕಾಲೇಜಿನಲ್ಲಿ ಕಲಿಸಿದ್ದ ಹಾಗೆಯೇ ವೈರ್‌ಲೆಸ್ ಎತ್ತಿ ಹೇಳಿದಳು: ಹಳ್ಳದ ತಿರುವು, ಹಸಿರು ಪಿಕಪ್, ಅದರ ನಂಬರು, ಚಾಲಕ ಸತ್ತಿದ್ದಾನೆ. ಆಮೇಲೆ ಬಗ್ಗಿ ಮುಖ ನೋಡಿದಳು. ಅಯ್ಯೋ, ಕೋಲ್! ಪಕ್ಕದ ಮನೆಯ ಆರ್ಡಿಸ್ ಆಂಟಿಗೆ ಇದ್ದೊಬ್ಬ ಮಗ. ಗಾಡಿ ಹೊಸದು, ಅದಕ್ಕೇ ಗುರುತು ಸಿಕ್ಕಿರಲಿಲ್ಲ.

ಹಿಂದೆಯೇ ಬಂದ ಅವಳ ಮೇಲಧಿಕಾರಿ ಶೆರಿಫ್ ಡೇಲ್ ಜೀಪಿನಿಂದ ಇಳಿಯುವ ಮೊದಲೇ ಕೂಗಾಡಿದ. "ತಲೇಲಿ ಏನಿಟ್ಕೊಂಡಿದ್ದೀಯೇ? ನಂಬರ್ ಯಾಕೆ ಹೇಳ್ದೆ? ಕೇಳ್ತಿದ್ದ ಹಾಗೇ ಕೋಲ್ ಗಾಡಿ ಅಂತ ನಂಗೇ ಗೊತ್ತಾಯ್ತು!"

"ಹಾಗೇ ಹೇಳ್ಕೊಟ್ಟಿದ್ದು ಸರ್..."

"ಹೇಳ್ಕೊಟ್ರಂತೆ! ಈ ಮೊಂಟಾನಾದಲ್ಲಿ ಪೊಲೀಸ್ ಮಾತು ಹಿಡಿಯೋ ರೇಡಿಯೊ ಯಾವ ಅಡುಗೆಮನೇಲಿಲ್ಲ? ನಾವು ಕೆಮ್ಮಿದ್ರೂ ಜನ ಕೇಳಿಸ್ಕೊಳ್ತಾರೆ. ಸಾವಿನ ಸುದ್ದೀನ ಮನೆಗೆ ಹೋಗಿ, ಪಕ್ಕದಲ್ಲಿ ಕೂತು ಹೇಳ್ಬೇಕು ಕಣೇ. ಓಡು! ಆರ್ಡಿಸ್ ಇನ್ನೂ ಕೊಟ್ಟಿಗೇಲಿರಬಹುದು. ಕೇಳಿರಲಿಕ್ಕಿಲ್ಲ."

ಹೆಪ್ಪುಗಟ್ಟಿದ ರಸ್ತೆಯಲ್ಲಿ ಚಕ್ರ ಜಾರಿದರೂ ಮಾರ್ಲಾ ವೇಗ ತಗ್ಗಿಸಲಿಲ್ಲ. ಅಪರಾಧ, ನ್ಯಾಯ ಎಂದು ವರ್ಷಗಟ್ಟಲೆ ಓದಿದವರಿಗೆ ಈ ರಾಜ್ಯದಲ್ಲಿ ಏನಿದೆ ಮಣ್ಣು? ಎಲ್ಲೋ ಮೂಲೆಯ ಜೈಲು ಕಾಯಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಹುಟ್ಟಿದ ಊರಿನಲ್ಲೇ ಪೊಲೀಸ್ ಕೆಲಸ ಸಿಕ್ಕಿದ್ದು ಇವಳೊಬ್ಬಳಿಗೆ. ನಮ್ಮ ಹುಡುಗಿ ಎಂದು ಊರೆಲ್ಲ ಬೀಗಿತ್ತು. ಈಗ ಅದೇ ಊರಿನ ಮನೆಗಳನ್ನು ದಾಟುವಾಗ ಪ್ರತಿ ಅಡುಗೆಮನೆಯ ಕಿಟಕಿಯತ್ತಲೂ ಅವಳ ಕಣ್ಣು ಹೋಗುತ್ತಿತ್ತು. ಆಂಟಿ ಕೊಟ್ಟಿಗೆಯಲ್ಲೇ ಇರಲಿ ದೇವರೇ, ಅಷ್ಟು ಸಾಕು.

ಬಾಗಿಲು ತೆರೆದೇ ಇತ್ತು. ಆರ್ಡಿಸ್ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದಳು. ಮೈಮೇಲೆ ಕೋಟು, ಒಂದು ಕಾಲಿಗೆ ಮಾತ್ರ ಬೂಟು. ಎದುರಿಗಿದ್ದ ರೇಡಿಯೊದಲ್ಲಿ ಡೇಲ್ ಶವ ಸಾಗಿಸಲು ಗಾಡಿ ಕರೆಯುತ್ತಿದ್ದ.

ಮಾರ್ಲಾ ಹೊಸಿಲಲ್ಲೇ ನಿಂತಳು. "ಆಂಟಿ... ನಾನೇ ಬಂದು ಹೇಳ್ಬೇಕಿತ್ತು..."

"ನೀನೇ ಹೇಳಿದ್ಯಲ್ಲ ಮಗಳೇ." ಆರ್ಡಿಸ್ ತಲೆ ಎತ್ತಲಿಲ್ಲ. "ಹಳೇ ರೇಡಿಯೊ ಗೊರಗೊರ ಅಂತಿತ್ತು. ನಿಂಗೆ ಕೆಲಸ ಸಿಕ್ತು ನೋಡು, ನಿನ್ ದನಿ ಚೆನ್ನಾಗಿ ಕೇಳ್ಲಿ ಅಂತ ಕೋಲ್ ಇದನ್ನ ತಂದುಕೊಟ್ಟ. ದಿನಾ ಹಾಕ್ಕೊಂಡು ಕೂತಿರ್ತೀನಿ."

ಮಾರ್ಲಾ ಒಳಗೆ ಬಂದು ಅವಳ ಪಕ್ಕದಲ್ಲಿ ಕೂತಳು.

"ಮೊದಮೊದಲು ಎಷ್ಟು ತಡವರಿಸ್ತಿದ್ದೆ," ಎಂದಳು ಆರ್ಡಿಸ್. "ಇವತ್ತು ಒಂದು ಅಕ್ಷರಾನೂ ತಪ್ಪಲಿಲ್ಲ ಬಿಡು."