ರೀಸ್ಟಾರ್ಟ್ ಆಗುವ ಅತ್ತೆ

ತೀರಿಕೊಂಡ ಹಿರಿಯರನ್ನು ಟ್ಯಾಬ್ಲೆಟ್ಟಿಗೆ ತುಂಬಿಸಿಕೊಡುವ ಸೌಲಭ್ಯ ಬಂದ ಮೇಲೆ, ಸಾಯುವುದಕ್ಕೂ ಮಾತು ನಿಲ್ಲಿಸುವುದಕ್ಕೂ ಸಂಬಂಧವೇ ಉಳಿದಿರಲಿಲ್ಲ. ಕನಕವಲ್ಲಿ ತನ್ನ ಅತ್ತೆ ಸಿಂಗಮ್ಮನವರನ್ನು ರಿಪೇರಿ ಅಂಗಡಿಯ ಮೇಜಿನ ಮೇಲಿಟ್ಟಳು.

“ಪದೇ ಪದೇ ರೀಸ್ಟಾರ್ಟ್ ಆಗ್ತಾರೆ.”

ಅಂಗಡಿಯ ಮುನೀರ್ ಬಟನ್ ಸಂದಿಯಿಂದ ಆಯುಧಪೂಜೆಯ ಕುಂಕುಮ ಕೆರೆದು ತೆಗೆದ. ಬ್ಯಾಟರಿ ಬದಲಿಸಿದ. ಸಿಂಗಮ್ಮ ಹಸನ್ಮುಖರಾಗಿ ಸೊಸೆಯ ಸೀರೆಯನ್ನು ಆಡಿಕೊಂಡರು.

“ಚೆನ್ನಾಗೇ ಇದಾರಲ್ಲ ಮೇಡಂ.”

ಕನಕವಲ್ಲಿ ಬಗ್ಗಿ ಕೇಳಿದಳು. “ಅತ್ತೆ, ಪುಳಿಯೋಗರೆ ಗೊಜ್ಜಿಗೆ ಬೆಲ್ಲ ಎಷ್ಟು ಹಾಕ್ತಿದ್ರಿ?”

ಪರದೆ ಕಪ್ಪಾಯಿತು.

“ನೋಡಿದ್ರಾ? ಬದುಕಿದ್ದಾಗ ಇದನ್ನ ಕೇಳಿದ್ರೆ ತಲೆ ಸುತ್ತುತ್ತೆ ಅಂತ ಹಣೆ ಹಿಡ್ಕೊಂಡು ಮಲಗಿಬಿಡ್ತಿದ್ರು. ನಾಳೆ ಮಗಳ ಸೀಮಂತ. ಬೀಗರೆಲ್ಲ ಅತ್ತೆ ಪುಳಿಯೋಗರೆಗೇ ಕಾಯ್ತಿದಾರೆ.”

“ಇವರೇ ಹೊಸ ಸೊಸೆಯಾಗಿದ್ದ ಕಾಲಕ್ಕೆ ರೀಸೆಟ್ ಮಾಡ್ಲಾ? ಆಗ ಇಷ್ಟು ಬಿಗುಮಾನ ಇರಲ್ಲ. ಆದ್ರೆ ಆಮೇಲಿಂದೆಲ್ಲ ಅಳಿಸಿಹೋಗುತ್ತೆ.”

ಕನಕವಲ್ಲಿ ದುಃಖ ನುಂಗಿಕೊಂಡು ಅರೆಕ್ಷಣದಲ್ಲಿ ಒಪ್ಪಿದಳು.

ಪರದೆಯಲ್ಲಿ ಎಳೆಯ ಮುಖವೊಂದು ಮೂಡಿತು. ಎದುರಿಗಿದ್ದ ಕನಕವಲ್ಲಿಯ ನರೆಗೂದಲು ಕಂಡು ತಲೆ ತಗ್ಗಿಸಿತು. “ಅತ್ತೆ, ಗೊಜ್ಜಿಗೆ ಬೆಲ್ಲ ಎಷ್ಟು ಹಾಕ್ಲಿ?”

ಮುನೀರನೂ ಉತ್ತರಕ್ಕಾಗಿ ಕನಕವಲ್ಲಿಯತ್ತ ನೋಡಿದ.

ಅವಳು ನಿಧಾನವಾಗಿ ಹಣೆ ಹಿಡಿದುಕೊಂಡಳು. “ಯಾಕೋ ತಲೆ ಸುತ್ತುತ್ತೆ ಕಣಮ್ಮ.”