ಎರಡನೇ ಮೋಟಾರು

"ಹೇಳೋ, ನಮ್ಮೂರ ನೀರು ಎಲ್ಲಿಗೆ ಹೋಗ್ತಿದೆ?" ಸಣ್ಣೀರಪ್ಪ ಪಂಪ್‌ಹೌಸಿನ ಕಾವಲುಗಾರನ ಕೆನ್ನೆಗೆ ಬಾರಿಸಿದ. ಅವನ ಹಿಂದೆ ಖಾಲಿ ಕೊಡ ಹಿಡಿದು ಊರಿಗೆ ಊರೇ ನಿಂತಿತ್ತು.

ಕಾವಲುಗಾರ ಬೇಲಿಯಾಚೆಗಿನ ಕಿಟಕಿಯಿಲ್ಲದ ಕಟ್ಟಡ ತೋರಿಸಿದ. "ಅಲ್ಲಿಗೆ ಅಣ್ಣ. ಜನ ಮೊಬೈಲಲ್ಲಿ ಕಳಿಸೋ ಫೋಟೋ, ವಿಡಿಯೋ ಎಲ್ಲ ಅಲ್ಲಿರೋ ಮಿಷನ್‌ಗಳಲ್ಲೇ ಇರೋದು. ಜನ ನೋಡಿದಷ್ಟೂ ಮಿಷನ್ ಕಾಯುತ್ತೆ, ತಣ್ಣಗೆ ಮಾಡೋಕೆ ನೀರು ಬೇಕು. ಇನ್ನೂ ಕಾದ್ರೆ ಎರಡನೇ ಮೋಟಾರೂ ತಾನಾಗೇ ಆನ್ ಆಗುತ್ತೆ. ನಾನು ಮುಟ್ಟೋದೇ ಇಲ್ಲ."

"ಕಿವಿಗೆ ಹೂ ಇಡ್ತೀಯೇನೋ!"

ಹಾರೆಯ ಏಟಿಗೆ ಅವನ ಮೊಣಕಾಲು ಮುರಿಯಿತು. ಬಿದ್ದವನ ಮುಖಕ್ಕೆ ಯಾರೋ ಒದ್ದರು. ರಕ್ತ ಉಗುಳುತ್ತಾ ಅವನು ನೀರು ಕೇಳಿದ. ಯಾರ ಕೊಡದಲ್ಲೂ ಇರಲಿಲ್ಲ.

"ಸುಮ್ನೆ ನಿಲ್ಬೇಡಿ, ವಿಡಿಯೋ ಮಾಡಿ!" ಸಣ್ಣೀರಪ್ಪ ಅರಚಿದ. "ಇರೋಬರೋ ಗ್ರೂಪಿಗೆಲ್ಲ ಹಾಕಿ. ನೀರು ಕದ್ದವನ ಗತಿ ಏನಾಗುತ್ತೆ ಅಂತ ರಾಜ್ಯವೇ ನೋಡಲಿ!"

ಕೊಡಗಳು ಕೆಳಗಿಳಿದವು. ಮೊಬೈಲುಗಳು ಮೇಲೆದ್ದವು.

ಒಂದು ಗಂಟೆ ಕಳೆದಿರಬೇಕು. "ಅಣ್ಣಾ, ಇಪ್ಪತ್ತು ಲಕ್ಷ ಜನ ನೋಡಿಬಿಟ್ರು! ಎಲ್ಲ ಕಡೆ ಇದೇ ಓಡ್ತಿದೆ!" ಯಾರೋ ಕೂಗಿದರು. ಎಲ್ಲರೂ ಕೇಕೆ ಹಾಕಿದರು.

ಕೇಕೆ ನಿಲ್ಲುವ ಮೊದಲೇ ಎರಡನೇ ಮೋಟಾರು ತಾನಾಗೇ ಆನ್ ಆಯಿತು.